ಕಣ್ಣಿನ ಕೆಳಗಿನ ಕಪ್ಪು ವರ್ತುಲದಲ್ಲಿ ಕನ್ನಡಕದ ಪಾಲೆಷ್ಟು?

ಕನ್ನಡಕ ಹಾಕಿಕೊಳ್ಳಲು ಆರಂಭಿಸಿದ ಮೇಲೆಯೇ ಕಣ್ಣಿನ ಕೆಳಗೆ ಕಪ್ಪಾಯಿತು ಎಂಬ ಮಾತು ಎಷ್ಟು ಸಾಮಾನ್ಯವೆಂದರೆ, ಕನ್ನಡಕ ಬೇಕೇ ಬೇಕು ಎಂದು ವೈದ್ಯರು ಹೇಳಿದ ಬಳಿಕವೂ ಹಲವರು, ಅದರಲ್ಲೂ ಹದಿಹರೆಯದವರು, ಅದನ್ನು ಡಬ್ಬಿಯಲ್ಲಿಯೇ ಇಟ್ಟುಕೊಂಡು ಕಣ್ಣು ಕಿರಿದಾಗಿಸಿ ಓದುತ್ತಾ ದಿನ ದೂಡುತ್ತಾರೆ. ಆ ಮಾತಿನಲ್ಲಿ ಹುರುಳೇ ಇಲ್ಲ ಎನ್ನುವಂತಿಲ್ಲ. ಆದರೆ ಮಸೂರವಾಗಲಿ ಅದರ ಪವರ್ ಆಗಲಿ ಚರ್ಮದ ಬಣ್ಣವನ್ನು ಬದಲಿಸುವುದಿಲ್ಲ. ಮೊದಲೇ ಇದ್ದ ಕಪ್ಪನ್ನು ಕನ್ನಡಕ ಎತ್ತಿ ತೋರಿಸಬಹುದು, ಕೆನ್ನೆಯ ಮೇಲೆ ನೆರಳು ಬೀಳಿಸಬಹುದು, ಚರ್ಮಕ್ಕೆ ತಾಗುವ ಕಡೆಯಲ್ಲಿ ಒತ್ತಿ ಉಜ್ಜಿ ಗುರುತು ಮೂಡಿಸಬಹುದು. ಇವೆಲ್ಲವೂ ಬೇರೆ ಬೇರೆ ಸಂಗತಿಗಳಾಗಿರುವುದರಿಂದ ಒಂದಕ್ಕೆ ಹೊಂದುವ ಪರಿಹಾರ ಇನ್ನೊಂದಕ್ಕೆ ಹೊಂದುವುದಿಲ್ಲ. ಆದ್ದರಿಂದ ಕನ್ನಡಕವನ್ನು ದೂರುವ ಮೊದಲು ಕಣ್ಣಿನ ಕೆಳಗೆ ಕಾಣುತ್ತಿರುವ ಆ ಕಪ್ಪು ಏನೆಂಬುದನ್ನು ತಿಳಿದುಕೊಳ್ಳಬೇಕಾಗುತ್ತದೆ.

ರೆಪ್ಪೆಯ ಚರ್ಮ ಇಡೀ ದೇಹದಲ್ಲಿಯೇ ಅತ್ಯಂತ ತೆಳುವಾದದ್ದು. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಥವಾ ಅದಕ್ಕಿಂತಲೂ ಕಡಿಮೆ. ಕೆನ್ನೆಯಲ್ಲಿ ಚರ್ಮಕ್ಕೂ ಸ್ನಾಯುವಿಗೂ ನಡುವೆ ಇರುವ ಕೊಬ್ಬಿನ ಪದರ ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕಣ್ಣನ್ನು ಮುಚ್ಚಲು ನೆರವಾಗುವ ಉಂಗುರದಾಕಾರದ ಸ್ನಾಯು ಮತ್ತು ಅದರ ಸುತ್ತಲಿನ ಸಣ್ಣ ರಕ್ತನಾಳಗಳ ಜಾಲ ಈ ತೆಳು ಚರ್ಮಕ್ಕೆ ಅಂಟಿಕೊಂಡಂತೆಯೇ ಇರುತ್ತವೆ. ಹೀಗಾಗಿ ಬೇರೆಡೆ ಮರೆಯಾಗಿಯೇ ಉಳಿಯುವ ಕೆಂಪು ಮತ್ತು ನೇರಳೆ ಛಾಯೆ ಇಲ್ಲಿ ಹೊರಗೆ ಕಾಣುತ್ತದೆ. ಅದು ನೀಲಿಯಾಗಿ ಕಾಣುವುದಕ್ಕೆ ಕಾರಣ ರಕ್ತದ ಬಣ್ಣವಲ್ಲ, ಬೆಳಕಿನ ನಡವಳಿಕೆ. ಅಭಿಧಮನಿಯೊಳಗಿನ ರಕ್ತ ಗಾಢ ಕೆಂಪಾಗಿಯೇ ಇರುತ್ತದೆ. ಆದರೆ ಚರ್ಮವನ್ನು ಹೊಕ್ಕ ಬೆಳಕಿನಲ್ಲಿ ನೀಲಿಯ ಭಾಗ ಮೇಲ್ಪದರಗಳಲ್ಲಿಯೇ ಚದುರಿ ಹಿಂದಿರುಗುತ್ತದೆ, ಕೆಂಪಿನ ಭಾಗ ಆಳಕ್ಕೆ ಇಳಿದು ಅಲ್ಲಿ ಹೀರಲ್ಪಡುತ್ತದೆ. ಮೆಲನಿನ್ ಎಂಬ ವರ್ಣದ್ರವ್ಯಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಅದು ಚರ್ಮದ ಮೇಲ್ಪದರದಲ್ಲಿ ಹೆಚ್ಚಾದರೆ ಕಂದಾಗಿಯೂ ಒಳಪದರದಲ್ಲಿ ಕೂತಿದ್ದರೆ ಬೂದು ಅಥವಾ ನೀಲಿ ಮಿಶ್ರಿತ ಬೂದಾಗಿಯೂ ಕಾಣುತ್ತದೆ.

ಚರ್ಮವೈದ್ಯರು ಈ ಕಪ್ಪನ್ನು ಸಾಮಾನ್ಯವಾಗಿ ಮೂರು ಬಗೆಯಾಗಿ ನೋಡುತ್ತಾರೆ. ಮೊದಲನೆಯದು ವರ್ಣದ್ರವ್ಯದಿಂದಾದ ಕಂದು. ಇದು ಕೆಲವು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ, ಗಾಢ ಮೈಬಣ್ಣದವರಲ್ಲಿ ಹೆಚ್ಚು, ಉಜ್ಜುವಿಕೆ, ಇಸುಬು ಮತ್ತು ಬಿಸಿಲಿನಿಂದ ಇನ್ನಷ್ಟು ಗಾಢವಾಗುತ್ತದೆ. ಎರಡನೆಯದು ರಕ್ತನಾಳಗಳಿಂದಾದ ನೀಲಿ ಅಥವಾ ನೇರಳೆ ಛಾಯೆ. ಮೂರನೆಯದು ನಿಜಕ್ಕೂ ಬಣ್ಣವೇ ಅಲ್ಲ, ಕೇವಲ ನೆರಳು. ವಯಸ್ಸಾದಂತೆ ಕೆನ್ನೆಯ ಕೊಬ್ಬು ಕುಗ್ಗುತ್ತದೆ, ಕಣ್ಣುಗುಡ್ಡೆಯ ಸುತ್ತ ಇರುವ ಕೊಬ್ಬು ಮುಂದಕ್ಕೆ ಉಬ್ಬುತ್ತದೆ, ಎರಡರ ನಡುವೆ ಕಣ್ಣಿನ ಒಳಮೂಲೆಯಿಂದ ಕೆನ್ನೆಯ ಕಡೆಗೆ ಇಳಿಯುವ ಒಂದು ತಗ್ಗು ಮೂಡುತ್ತದೆ. ಮೇಲಿನಿಂದ ಬೆಳಕು ಬಿದ್ದಾಗ ಆ ತಗ್ಗು ಕಪ್ಪಾಗಿ ಕಾಣುತ್ತದೆ. ಮುಖದ ಮೂಳೆಯ ರಚನೆಯಿಂದಾಗಿ ಎಳೆಯ ವಯಸ್ಸಿನಲ್ಲಿಯೇ ಈ ತಗ್ಗು ಇರುವವರೂ ಇದ್ದಾರೆ. ಹೆಚ್ಚಿನವರಲ್ಲಿ ಇವು ಬಿಡಿಬಿಡಿಯಾಗಿರದೆ ಬೆರೆತೇ ಇರುತ್ತವೆ. ಒಂದೇ ಲೇಪನದಿಂದ ಎಲ್ಲವೂ ಮಾಯವಾಗುತ್ತದೆ ಎಂದು ಮಾರುವ ಸರಕು ಬಹುಪಾಲು ಜನರಿಗೆ ನಿರಾಸೆ ತರುವುದು ಇದೇ ಕಾರಣಕ್ಕೆ.

ಯಾವ ಬಗೆಯದು ಎಂಬುದನ್ನು ಮನೆಯಲ್ಲಿಯೇ ಒಂದು ಮಟ್ಟಿಗೆ ಊಹಿಸಬಹುದು. ಕನ್ನಡಕ ತೆಗೆದು, ಮೇಲಿನ ದೀಪವನ್ನು ಆರಿಸಿ, ಮುಖದ ನೇರಕ್ಕೆ ಮುಂದಿನಿಂದ ಬೆಳಕು ಬೀಳುವಂತೆ ಮಾಡಿಕೊಂಡು ಕನ್ನಡಿಯಲ್ಲಿ ನೋಡಿದಾಗ ಕಪ್ಪು ಬಹುಮಟ್ಟಿಗೆ ಮಾಯವಾದರೆ ಅದು ತಗ್ಗಿನ ನೆರಳು. ಆಗಲೂ ಉಳಿದರೆ, ಕೆಳರೆಪ್ಪೆಯ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಹೊರಗಡೆಗೆ ಸರಿಸಿ ನೋಡಬೇಕು. ವರ್ಣದ್ರವ್ಯದ ಕಂದು ಚರ್ಮದೊಂದಿಗೆ ಸರಿದು ಹೆಚ್ಚು ಕಡಿಮೆ ಹಾಗೆಯೇ ಇರುತ್ತದೆ; ರಕ್ತನಾಳದ ನೀಲಿಯಾದರೆ ಚರ್ಮ ಎಳೆದು ಇನ್ನಷ್ಟು ತೆಳುವಾದಾಗ ಮತ್ತೂ ಎದ್ದು ಕಾಣುತ್ತದೆ. ವೈದ್ಯರ ಬಳಿ ವುಡ್ಸ್ ಲ್ಯಾಂಪ್ ಎಂಬ ಅತಿನೇರಳೆ ದೀಪವಿರುತ್ತದೆ. ಅದರ ಬೆಳಕಿನಲ್ಲಿ ಮೇಲ್ಪದರದ ವರ್ಣದ್ರವ್ಯ ಸ್ಪಷ್ಟವಾಗಿ ಬೇರ್ಪಟ್ಟು ಕಾಣುತ್ತದೆ, ಆಳದ್ದು ಅಷ್ಟಾಗಿ ಕಾಣುವುದಿಲ್ಲ.

ಇನ್ನು ಕನ್ನಡಕಕ್ಕೆ ಬರೋಣ. ಕನ್ನಡಕ ಬಂದ ಮೇಲೆಯೇ ಕಪ್ಪು ಬಂದಿತು ಎಂದು ಅನ್ನಿಸುವುದಕ್ಕೆ ಮೊದಲ ಕಾರಣ ತೀರಾ ಸರಳವಾದದ್ದು, ಆದರೂ ಯಾರೂ ಗಮನಿಸದೆ ಬಿಡುವಂಥದ್ದು. ಮೈನಸ್ 3 ಪವರ್ ಬೇಕಾದವರಿಗೆ ಕನ್ನಡಕವಿಲ್ಲದೆ ಸುಮಾರು 33 ಸೆಂಟಿಮೀಟರ್‌ಗಿಂತ ಆಚೆ ಇರುವುದೆಲ್ಲ ಮಸುಕು. ಅವರು ಕನ್ನಡಿಯಿಂದ ಅರ್ಧ ಮೀಟರ್ ದೂರದಲ್ಲಿ ನಿಂತರೆ ಪ್ರತಿಬಿಂಬ ಕಣ್ಣಿಗೆ ಒಂದು ಮೀಟರ್ ದೂರದಲ್ಲಿರುತ್ತದೆ, ಅಂದರೆ ವರ್ಷಗಳಿಂದ ಅವರು ನೋಡುತ್ತಿದ್ದದ್ದು ತಮ್ಮ ಮುಖದ ಮಸುಕಾದ, ನಯವಾದ ರೂಪವನ್ನು. ಮೊದಲ ಕನ್ನಡಕ ಹಾಕಿ ಕನ್ನಡಿಯ ಮುಂದೆ ನಿಂತಾಗ ಚರ್ಮದ ಪ್ರತಿಯೊಂದು ಕಲೆ ಹೊಸದಾಗಿ ಕಾಣಿಸುತ್ತದೆ, ಅದು ಹೊಸದಾಗಿ ಬಂದದ್ದೆಂದೇ ತೋರುತ್ತದೆ. ಓದುವ ಕನ್ನಡಕದವರ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಚಾಳೀಸು ಬೇಕಾಗುವುದು ಸಾಮಾನ್ಯವಾಗಿ ನಲವತ್ತು ದಾಟಿದ ಮೇಲೆ, ಕಣ್ಣಿನ ಕೆಳಗಿನ ತಗ್ಗು ಆಳವಾಗತೊಡಗುವುದೂ ಹೆಚ್ಚು ಕಡಿಮೆ ಅದೇ ವಯಸ್ಸಿನಲ್ಲಿ. ಎರಡೂ ಜೊತೆಯಾಗಿ ಬಂದಾಗ ಒಂದರ ಅಪವಾದ ಇನ್ನೊಂದರ ತಲೆಗೆ ಬೀಳುತ್ತದೆ.

ಮಸೂರದ ಪವರ್ ನೋಡುವವರ ಕಣ್ಣಿಗೂ ಆಟವಾಡಿಸುತ್ತದೆ. ಪ್ಲಸ್ ಮಸೂರ ತನ್ನ ಹಿಂದಿರುವುದನ್ನು ದೊಡ್ಡದಾಗಿಯೂ ಮೈನಸ್ ಮಸೂರ ಚಿಕ್ಕದಾಗಿಯೂ ತೋರಿಸುತ್ತದೆ. ಕಣ್ಣಿನಿಂದ 12 ಮಿಲಿಮೀಟರ್ ಮುಂದಿರುವ ಪ್ಲಸ್ 5 ಮಸೂರ ಅದರ ಹಿಂದಿನ ಕಣ್ಣನ್ನೂ ರೆಪ್ಪೆಯನ್ನೂ ಶೇಕಡ 6ರಷ್ಟು ಹಿಗ್ಗಿಸುತ್ತದೆ, ಮೈನಸ್ 5 ಮಸೂರ ಸುಮಾರು ಅಷ್ಟೇ ಕುಗ್ಗಿಸುತ್ತದೆ. ಹಾಗಾಗಿ ಪ್ಲಸ್ ಪವರ್‌ನವರಲ್ಲಿ ಕಣ್ಣಿನ ಕೆಳಗಿನ ಚೀಲದಂಥ ಉಬ್ಬು, ಸುಕ್ಕು, ಕಪ್ಪು ಎಲ್ಲವೂ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತವೆ. ಮೈನಸ್ ಮಸೂರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ದೀಪದ ಕೆಳಗೆ ಒಂದು ಬಿಳಿ ಹಾಳೆಯ ಮೇಲೆ ಅಂಥ ಕನ್ನಡಕವನ್ನು ಗೇಣೆತ್ತರದಲ್ಲಿ ಹಿಡಿದರೆ ಮಸೂರದ ಹಿಂದಿನ ಭಾಗ ಸುತ್ತಲಿಗಿಂತ ಕಪ್ಪಾಗಿಯೂ ಅದರ ಅಂಚು ಬೆಳ್ಳಗೂ ಕಾಣುವುದನ್ನು ಯಾರು ಬೇಕಾದರೂ ನೋಡಬಹುದು, ಏಕೆಂದರೆ ಆ ಮಸೂರ ಬೆಳಕನ್ನು ಹೊರಕ್ಕೆ ಹರಡುತ್ತದೆ. ಮುಖಕ್ಕೆ ಅಷ್ಟು ಹತ್ತಿರವಿರುವಾಗ ಈ ಪರಿಣಾಮ ಚಿಕ್ಕದೇ, ಆದರೆ ಪವರ್ ಹೆಚ್ಚಿದ್ದು ಬೆಳಕು ಒಂದೇ ಕಡೆಯಿಂದ ಬರುತ್ತಿದ್ದರೆ ಫೋಟೊಗಳಲ್ಲಿ ಅದು ಗೊತ್ತಾಗುತ್ತದೆ.

ಫ್ರೇಮಿನ ನೆರಳು ಇದಕ್ಕಿಂತ ದೊಡ್ಡದು. ದಪ್ಪನೆಯ ಗಾಢ ಬಣ್ಣದ ಫ್ರೇಮಿನ ಕೆಳಅಂಚು ತಗ್ಗಿನ ಗೆರೆಯ ಮೇಲೆಯೇ ಕೂತರೆ ಎರಡು ಸಾಧ್ಯತೆಗಳಿವೆ: ನೇರವಾಗಿ ನೋಡುವವರಿಗೆ ಅದು ಕಪ್ಪನ್ನು ಮರೆಮಾಡುತ್ತದೆ, ಮೇಲಿನಿಂದ ಬೆಳಕು ಬಿದ್ದಾಗ ಅದರ ನೆರಳು ಕೆಳಗಿಳಿದು ತಗ್ಗನ್ನು ಇಮ್ಮಡಿಸುತ್ತದೆ. ಬೂದು ಅಥವಾ ನೀಲಿ ಛಾಯೆಯ ಮಸೂರಗಳೂ, ಬಿಸಿಲಿಗೆ ಕಪ್ಪಾಗಿ ಒಳಗೆ ಬಂದ ಮೇಲೆ ತಿಳಿಯಾಗಲು ಕೆಲವು ನಿಮಿಷ ತೆಗೆದುಕೊಳ್ಳುವ ಮಸೂರಗಳೂ ಕಣ್ಣಿನ ಸುತ್ತಲಿನ ಭಾಗವನ್ನು ಸಹಜವಾಗಿಯೇ ದಣಿದಂತೆ ತೋರಿಸುತ್ತವೆ. ಲೇಪನವಿಲ್ಲದ ಸಾಮಾನ್ಯ ಪ್ಲಾಸ್ಟಿಕ್ ಮಸೂರದ ಎರಡು ಮೇಲ್ಮೈಗಳು ಸೇರಿ ಬೆಳಕಿನ ಸುಮಾರು ಶೇಕಡ 8ರಷ್ಟನ್ನು ಪ್ರತಿಫಲಿಸುತ್ತವೆ. ಪ್ರತಿಫಲನ ತಡೆಯುವ ಲೇಪನವಿದ್ದರೆ ಇದು ಬಹಳ ಕಡಿಮೆಯಾಗಿ ಕಣ್ಣು ತಿಳಿಯಾಗಿ ಕಾಣುತ್ತದೆ. ನೆರಳಿನ ತೊಂದರೆಗೆ ಯಾವ ಕ್ರೀಮೂ ಬೇಕಿಲ್ಲ. ತೆಳುವಾದ ಅಥವಾ ತಿಳಿಬಣ್ಣದ ಫ್ರೇಮ್, ಕೆಳಅಂಚಿಲ್ಲದ ಅರ್ಧ ಫ್ರೇಮ್, ಛಾಯೆಯಿಲ್ಲದ ಮಸೂರ ಇವುಗಳಲ್ಲಿ ಒಂದನ್ನು ಆಯ್ದುಕೊಂಡರೆ ಸಾಕಾಗುತ್ತದೆ.

ಕನ್ನಡಕ ನಿಜವಾಗಿ ಚರ್ಮವನ್ನು ಬದಲಿಸುವ ಜಾಗ ಕಣ್ಣಿನ ಕೆಳಗಲ್ಲ, ಮೂಗಿನ ಎರಡು ಬದಿ. ಕನ್ನಡಕದ ಭಾರದ ಬಹುಪಾಲನ್ನು ಹೊರುವುದು ನೋಸ್ ಪ್ಯಾಡ್ ಕೂರುವ ಆ ಎರಡು ಪುಟ್ಟ ಬಿಂದುಗಳು. ದಿನವೂ ಗಂಟೆಗಟ್ಟಲೆ ಒತ್ತಡ, ಬೆವರು, ಅತ್ತಿತ್ತ ಜಾರುವಾಗಿನ ತಿಕ್ಕಾಟ ಇವೆಲ್ಲ ಸೇರಿ ಅಲ್ಲಿ ಮೊದಲು ಕೆಂಪಾಗುತ್ತದೆ, ಕ್ರಮೇಣ ಕಂದು ಗುರುತು ನಿಲ್ಲುತ್ತದೆ. ಚರ್ಮಕ್ಕೆ ಯಾವುದೇ ಬಗೆಯ ಉರಿಯೂತವಾದಾಗ ಅದು ಹೆಚ್ಚುವರಿ ಮೆಲನಿನ್ ತಯಾರಿಸುವುದು ಸಾಮಾನ್ಯ, ಗಾಢ ಮೈಬಣ್ಣದವರಲ್ಲಂತೂ ಆ ಗುರುತು ತಿಂಗಳುಗಟ್ಟಲೆ ಉಳಿಯುತ್ತದೆ. ಈ ಗುರುತು ಕಣ್ಣಿನ ಒಳಮೂಲೆಗೆ ಹತ್ತಿರವಿರುವುದರಿಂದ ಅದನ್ನೂ ಕಪ್ಪು ವರ್ತುಲವೆಂದೇ ಲೆಕ್ಕಕ್ಕೆ ಹಿಡಿಯುವವರಿದ್ದಾರೆ. ಹೊಂದದ ಫ್ರೇಮಿನ ತಿಕ್ಕಾಟ ಬಹುಕಾಲ ಮುಂದುವರಿದರೆ ಮೂಗಿನ ಬದಿಯಲ್ಲೋ ಕಿವಿಯ ಹಿಂದೆಯೋ ನಡುವೆ ಸೀಳಿದಂತಿರುವ ಗಟ್ಟಿ ಗಂಟು ಬೆಳೆಯುವುದೂ ಉಂಟು. ಅಕ್ಯಾಂಥೋಮಾ ಫಿಶ್ಯುರೇಟಮ್ ಎಂಬ ಹೆಸರಿನ ಇದು ನೋಡಲು ಚರ್ಮದ ಕ್ಯಾನ್ಸರಿನಂತೆ ಕಂಡು ಗಾಬರಿ ಹುಟ್ಟಿಸಿದರೂ ನಿರಪಾಯಕಾರಿ, ಸಾಮಾನ್ಯವಾಗಿ ಫ್ರೇಮ್ ಸರಿಪಡಿಸಿದ ಮೇಲೆ ತಾನಾಗಿ ಇಳಿಯುತ್ತದೆ. ಹಾಗೆಂದು ಅದು ಯಾವುದೆಂಬುದನ್ನು ತೀರ್ಮಾನಿಸುವ ಕೆಲಸವನ್ನು ವೈದ್ಯರಿಗೇ ಬಿಡಬೇಕು.

ಭಾರವಾದ ಕನ್ನಡಕ ಮೂಗಿನ ಬದಿಯ ಅಭಿಧಮನಿಯನ್ನು ಒತ್ತಿ ರಕ್ತವನ್ನು ಕಣ್ಣಿನ ಕೆಳಗೆ ನಿಲ್ಲಿಸುತ್ತದೆ ಎಂಬ ವಿವರಣೆಯನ್ನೂ ಆಗಾಗ ಕೇಳುತ್ತೇವೆ. ಕೇಳಲು ತರ್ಕಬದ್ಧವಾಗಿದೆ. ಆದರೆ ಆ ಭಾಗದ ಅಭಿಧಮನಿಗಳು ಒಂದು ಕಡೆ ಕಣ್ಣಿನ ಗೂಡಿನೊಳಗಿನ ಅಭಿಧಮನಿಗಳೊಂದಿಗೂ ಇನ್ನೊಂದು ಕಡೆ ಮುಖದ ಅಭಿಧಮನಿಗಳೊಂದಿಗೂ ಕೂಡಿಕೊಂಡಿರುವುದರಿಂದ ಒಂದು ದಾರಿ ತುಸು ಕಿರಿದಾದರೆ ರಕ್ತಕ್ಕೆ ಬೇರೆ ದಾರಿಗಳಿವೆ. ಆ ವಿವರಣೆಗೆ ಹೆಚ್ಚು ತೂಕ ಕೊಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಅಲರ್ಜಿಯ ವಿಷಯ ಹಾಗಲ್ಲ, ಅದನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಲೋಹದ ಫ್ರೇಮುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮೋನೆಲ್ ಎಂಬ ಮಿಶ್ರಲೋಹದ ಮುಖ್ಯ ಭಾಗವೇ ನಿಕೆಲ್. ಚರ್ಮಕ್ಕೆ ತಾಗಿ ಅಲರ್ಜಿ ಉಂಟುಮಾಡುವ ವಸ್ತುಗಳಲ್ಲಿ ನಿಕೆಲ್ ಅತಿ ಸಾಮಾನ್ಯವಾದವುಗಳಲ್ಲಿ ಒಂದು. ಮೇಲಿನ ಲೇಪನ ಸವೆದು, ಬೆವರು ತಾಗಿದಾಗ ಲೋಹದ ಅಂಶ ಸ್ವಲ್ಪ ಸ್ವಲ್ಪವಾಗಿ ಚರ್ಮಕ್ಕೆ ಇಳಿಯುತ್ತದೆ, ಫ್ರೇಮ್ ತಾಗುವ ಕಡೆಯಲ್ಲೆಲ್ಲ ತುರಿಕೆ, ಕೆಂಪು, ಸಿಪ್ಪೆ ಏಳುವುದು ಶುರುವಾಗುತ್ತದೆ. ಫ್ರೇಮಿನ ಕೆಳಅಂಚು ಕೆನ್ನೆಯ ಮೇಲೆ ಕೂರುವವರಲ್ಲಿ ಇದು ಕಣ್ಣಿನ ಕೆಳಗೂ ಆಗುತ್ತದೆ, ಉರಿಯೂತ ಇಳಿದ ಮೇಲೆ ಕಪ್ಪು ಉಳಿಯುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ ಕನ್ನಡಕದ ಫ್ರೇಮ್ ಸೇರಿದಂತೆ ಚರ್ಮಕ್ಕೆ ದೀರ್ಘಕಾಲ ತಾಗುವ ವಸ್ತುಗಳು ವಾರಕ್ಕೆ ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಮ್‌ಗಿಂತ ಹೆಚ್ಚು ನಿಕೆಲ್ ಬಿಡಬಾರದೆಂಬ ಮಿತಿಯಿರುವುದೇ ಈ ಕಾರಣಕ್ಕಾಗಿ. ಡೈಮೀಥೈಲ್‌ಗ್ಲೈಆಕ್ಸಿಮ್ ಎಂಬ ರಾಸಾಯನಿಕವನ್ನು ಹತ್ತಿಯಲ್ಲಿ ತೊಯ್ಸಿ ಫ್ರೇಮಿಗೆ ಉಜ್ಜಿದಾಗ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದು ನಿಕೆಲ್ ಬಿಡುತ್ತಿದೆ ಎಂದು ತಿಳಿಯಬಹುದು. ಅಲರ್ಜಿ ಇರುವವರಿಗೆ ಶುದ್ಧ ಟೈಟೇನಿಯಮ್ ಅಥವಾ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫ್ರೇಮ್ ಸುರಕ್ಷಿತ ಆಯ್ಕೆ; ಪ್ಲಾಸ್ಟಿಕ್ಕಿನ ಬಣ್ಣ, ರಬ್ಬರ್ ಅಥವಾ ಪ್ಯಾಡಿನ ವಸ್ತುವೇ ಹಿಡಿಸದ ಅಪರೂಪದ ಪ್ರಸಂಗಗಳಲ್ಲಿ ಅನುಮಾನದ ವಸ್ತುಗಳನ್ನು ಚರ್ಮಕ್ಕೆ ಅಂಟಿಸಿ ನೋಡುವ ಪ್ಯಾಚ್ ಟೆಸ್ಟ್ ಮಾಡಿಸಿ ಕಾರಣವನ್ನು ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ಇಷ್ಟಾದರೂ ಕನ್ನಡಕಕ್ಕೂ ಕಪ್ಪು ವರ್ತುಲಕ್ಕೂ ಇರುವ ಅತಿ ಗಟ್ಟಿಯಾದ ನಂಟು, ನನ್ನ ಎಣಿಕೆಯಲ್ಲಿ, ಕನ್ನಡಕ ಹಾಕುವುದರಲ್ಲಿಲ್ಲ, ಹಾಕದಿರುವುದರಲ್ಲಿ ಅಥವಾ ಸರಿಯಿಲ್ಲದ ಪವರ್ ಹಾಕುವುದರಲ್ಲಿದೆ. ಸ್ಪಷ್ಟವಾಗಿ ಕಾಣದಾಗ ಮನುಷ್ಯ ಕಣ್ಣನ್ನು ಕಿರಿದು ಮಾಡುತ್ತಾನೆ, ದಣಿದ ಕಣ್ಣನ್ನು ಮತ್ತೆ ಮತ್ತೆ ಉಜ್ಜುತ್ತಾನೆ. ಅಷ್ಟು ತೆಳುವಾದ ಚರ್ಮವನ್ನು ದಿನಕ್ಕೆ ಹಲವು ಸಲ ಮುಷ್ಟಿಯಿಂದ ತಿಕ್ಕಿದರೆ ಸಣ್ಣ ರಕ್ತನಾಳಗಳು ಒಡೆಯುವುದೂ ಮೆಲನಿನ್ ಹೆಚ್ಚುವುದೂ ಚರ್ಮ ದಪ್ಪಗಾಗಿ ಗೆರೆಬೀಳುವುದೂ ಸಹಜ. ಕಣ್ಣುಜ್ಜುವ ಅಭ್ಯಾಸಕ್ಕೆ ಚರ್ಮಕ್ಕಿಂತ ದೊಡ್ಡ ಅಪಾಯವೊಂದೂ ಅಂಟಿಕೊಂಡಿದೆ: ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂಚಾಚುವ ಕೆರಟೊಕೋನಸ್ ಎಂಬ ತೊಂದರೆಗೂ ಈ ಅಭ್ಯಾಸಕ್ಕೂ ಸಂಬಂಧವಿರುವುದು ಚೆನ್ನಾಗಿ ಗೊತ್ತಿರುವ ಸಂಗತಿ. ಕಪ್ಪಾಗುತ್ತದೆಂದು ಹೆದರಿ ಕನ್ನಡಕವನ್ನು ಬದಿಗಿಟ್ಟವರು ಕಪ್ಪನ್ನು ತಾವೇ ಕರೆದುಕೊಳ್ಳುತ್ತಿರಬಹುದು.

ಪರದೆಯ ನೀಲಿ ಬೆಳಕನ್ನು ತಡೆಯುವ ಮಸೂರ ಹಾಕಿದರೆ ಕಣ್ಣಿನ ದಣಿವೂ ಅದರೊಡನೆ ಕಪ್ಪೂ ಹೋಗುತ್ತವೆ ಎಂಬ ಭರವಸೆಯನ್ನು ಮಾರಾಟಗಾರರು ಧಾರಾಳವಾಗಿ ಕೊಡುತ್ತಾರೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವಿಮರ್ಶೆ ಇಂಥ ಮಸೂರಗಳ ಕುರಿತ 17 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿ, ಕಂಪ್ಯೂಟರ್ ಬಳಕೆಯಿಂದಾಗುವ ಕಣ್ಣಿನ ದಣಿವನ್ನು ತಗ್ಗಿಸುವುದರಲ್ಲಿ ಸಾಮಾನ್ಯ ಮಸೂರಕ್ಕಿಂತ ಅವುಗಳಿಂದ ಅಲ್ಪಾವಧಿಯಲ್ಲಿ ಹೆಚ್ಚಿನ ಪ್ರಯೋಜನ ಕಾಣದಿರಬಹುದು ಎಂಬ ನಿರ್ಣಯಕ್ಕೆ ಬಂದಿತು. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಒಣಗಿದ ಕಣ್ಣನ್ನು ಕೈ ಉಜ್ಜುತ್ತದೆ. ಇಲ್ಲಿ ಬೇಕಾದದ್ದು ಬಿಡುವು ಮತ್ತು ಸರಿಯಾದ ಪವರ್, ಮಸೂರದ ಬಣ್ಣವಲ್ಲ.

ಮಕ್ಕಳ ವಿಷಯದಲ್ಲಿ ಹೆತ್ತವರು ಕನ್ನಡಕವನ್ನು ದೂರುವ ಮೊದಲು ಮೂಗನ್ನು ಗಮನಿಸುವುದು ಒಳ್ಳೆಯದು. ಧೂಳು ಅಥವಾ ಪರಾಗದ ಅಲರ್ಜಿಯಿಂದ ಮೂಗಿನ ಒಳಪದರ ಊದಿಕೊಂಡಾಗ ಕಣ್ಣಿನ ಕೆಳಗಿನ ಅಭಿಧಮನಿಗಳಿಂದ ರಕ್ತ ಸರಾಗವಾಗಿ ಇಳಿಯುವುದಿಲ್ಲ, ಅವು ಹಿಗ್ಗುತ್ತವೆ, ಆ ನೀಲಿ ತೆಳು ಚರ್ಮದ ಮೂಲಕ ಕಾಣುತ್ತದೆ. ಮಗು ಬೆಳಗಿನ ಹೊತ್ತು ಸಾಲುಸಾಲಾಗಿ ಸೀನುವುದು, ಬಾಯಿಯಿಂದ ಉಸಿರಾಡುವುದು, ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜುವುದು ಇದರ ಜೊತೆಗಾರ ಲಕ್ಷಣಗಳು. ಕಣ್ಣೂ ತುರಿಸುವುದರಿಂದ ಉಜ್ಜಾಟವೂ ಸೇರಿ ಕಪ್ಪು ಇಮ್ಮಡಿಯಾಗುತ್ತದೆ. ಅಲರ್ಜಿಗೆ ಚಿಕಿತ್ಸೆಯಾದರೆ ಕಣ್ಣಿನ ಕೆಳಗಿನ ನೀಲಿ ಬಹಳಷ್ಟು ತಿಳಿಯಾಗುತ್ತದೆ, ಕನ್ನಡಕ ಮೂಗಿನ ಮೇಲೆಯೇ ಇದ್ದರೂ.

ನಿದ್ದೆಯ ಪಾತ್ರ ನಿಜವಾದದ್ದೇ. 2013ರಲ್ಲಿ ಸ್ಟಾಕ್‌ಹೋಮಿನ ಸಂಶೋಧಕರು 10 ಮಂದಿಯ ಫೋಟೊಗಳನ್ನು ಒಮ್ಮೆ ಚೆನ್ನಾಗಿ ನಿದ್ದೆ ಮಾಡಿದ ಮೇಲೆ, ಇನ್ನೊಮ್ಮೆ 31 ಗಂಟೆ ಎಚ್ಚರವಿರಿಸಿದ ಮೇಲೆ ತೆಗೆದು 40 ಮಂದಿಗೆ ತೋರಿಸಿದಾಗ, ನಿದ್ದೆಗೆಟ್ಟ ಮುಖಗಳಲ್ಲಿ ಜೋತ ರೆಪ್ಪೆ, ಕೆಂಪು ಕಣ್ಣು, ಬಿಳಿಚಿದ ಚರ್ಮದ ಜೊತೆಗೆ ಕಣ್ಣಿನ ಕೆಳಗೆ ಗಾಢವಾದ ಕಪ್ಪನ್ನೂ ಅವರು ಗುರುತಿಸಿದರು. ಚರ್ಮ ಬಿಳಿಚಿದಾಗ ಅಡಿಯ ರಕ್ತನಾಳಗಳು ಎದ್ದು ಕಾಣುತ್ತವೆ. ರಕ್ತಹೀನತೆಯಲ್ಲೂ ಇದೇ ಆಗುತ್ತದೆ. ಆದರೆ ಎಂಟು ಗಂಟೆ ನಿದ್ದೆ ಮಾಡುವವರಲ್ಲೂ ವಂಶದಿಂದ ಬಂದ ಕಂದು ಇದ್ದೇ ಇರುತ್ತದೆ, ಅವರಿಗೆ ನಿದ್ದೆಯ ಉಪದೇಶ ಮಾಡಿ ಫಲವಿಲ್ಲ.

ಬಿಸಿಲಿನ ವಿಷಯದಲ್ಲಿ ಕನ್ನಡಕ ಚರ್ಮದ ಪರವಾಗಿಯೇ ನಿಲ್ಲುತ್ತದೆ. ಪಾಲಿಕಾರ್ಬೊನೇಟ್ ಮಸೂರ ಅತಿನೇರಳೆ ಕಿರಣಗಳನ್ನು ಬಹುತೇಕ ಪೂರ್ತಿಯಾಗಿ ತಡೆಯುತ್ತದೆ, ಅಗಲವಾದ ತಂಪು ಕನ್ನಡಕ ಕಣ್ಣಿನ ಸುತ್ತಲಿನ ಚರ್ಮವನ್ನೂ ಕಾಯುತ್ತದೆ. ಇದರ ಒಂದು ವಿಚಿತ್ರ ಫಲವೆಂದರೆ, ಸದಾ ಕನ್ನಡಕ ಹಾಕುವವರ ಕೆನ್ನೆ ಬಿಸಿಲಿಗೆ ಕಂದಿ ಮಸೂರದ ಹಿಂದಿನ ಭಾಗ ತಿಳಿಯಾಗಿ ಉಳಿಯುವುದು. ಆ ತಿಳಿಬಣ್ಣದ ನಡುವೆ ಇರುವ ನೀಲಿ ಇನ್ನಷ್ಟು ಎದ್ದು ಕಾಣುತ್ತದೆ. ಮುಖಕ್ಕೆಲ್ಲ ಸನ್‌ಸ್ಕ್ರೀನ್ ಹಚ್ಚಿದರೆ ಈ ಅಂತರ ಕಡಿಮೆಯಾಗುತ್ತದೆ.

ಹಾಗಾದರೆ ಕನ್ನಡಕದವರು ಮಾಡಬೇಕಾದದ್ದೇನು? ಫ್ರೇಮನ್ನು ಮುಖಕ್ಕೆ ಹೊಂದಿಸಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ಚಿಕಿತ್ಸೆ. ಪ್ಯಾಡಿನ ಪೂರ್ತಿ ಮೇಲ್ಮೈ ಮೂಗಿಗೆ ತಾಗಬೇಕು. ಅಂಚು ಮಾತ್ರ ತಾಗಿದರೆ ಅದೇ ಭಾರ ಒಂದು ಗೆರೆಯ ಮೇಲೆ ಬಿದ್ದು ಒತ್ತಡ ಹಲವು ಪಟ್ಟಾಗುತ್ತದೆ. ನಕ್ಕಾಗ ಫ್ರೇಮ್ ಕೆನ್ನೆಯ ಮೇಲೆ ಏರುತ್ತಿದ್ದರೆ ಅದು ದಿನವಿಡೀ ಕಣ್ಣಿನ ಕೆಳಗಿನ ಚರ್ಮವನ್ನು ಉಜ್ಜುತ್ತಿದೆ ಎಂದರ್ಥ, ಆಗ ಪ್ಯಾಡನ್ನು ಎತ್ತರಿಸಬೇಕು ಅಥವಾ ಫ್ರೇಮಿನ ವಾಲನ್ನು ಬದಲಿಸಬೇಕು. ಕನ್ನಡಕದ ಅಂಗಡಿಯವರು ಇದನ್ನು ಕೆಲವೇ ನಿಮಿಷಗಳಲ್ಲಿ ಮಾಡಿಕೊಡುತ್ತಾರೆ. ಪವರ್ ಹೆಚ್ಚಿದ್ದವರು ಬೆಳಕನ್ನು ಹೆಚ್ಚು ಬಾಗಿಸುವ, 1.67 ಅಥವಾ 1.74 ವಕ್ರೀಭವನ ಸೂಚ್ಯಂಕದ ತೆಳು ಮಸೂರವನ್ನು ಚಿಕ್ಕ ಫ್ರೇಮಿಗೆ ಹಾಕಿಸಿಕೊಂಡರೆ ಅಂಚಿನ ದಪ್ಪ ಮತ್ತು ಭಾರ ಎರಡೂ ಇಳಿಯುತ್ತವೆ. ಪ್ಯಾಡಿನ ಮೇಲೆ ಬೆವರು, ಎಣ್ಣೆ, ಕ್ರೀಮು ಕೂತು ಚರ್ಮವನ್ನು ಕೆರಳಿಸುವುದರಿಂದ ಮೆದುವಾದ ಸೋಪಿನ ನೀರಿನಲ್ಲಿ ಕನ್ನಡಕವನ್ನು ಆಗಾಗ ತೊಳೆಯಬೇಕು, ಹಳದಿಯಾಗಿ ಗಟ್ಟಿಯಾದ ಪ್ಯಾಡುಗಳನ್ನು ಬದಲಿಸಬೇಕು.

ಕ್ರೀಮುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವರ್ಣದ್ರವ್ಯದ ಕಂದಿಗೆ ವಿಟಮಿನ್ ಸಿ, ನಯಾಸಿನಮೈಡ್, ಅಜೆಲಾಯಿಕ್ ಆಮ್ಲದಂಥವು ತಿಂಗಳುಗಳ ಬಳಕೆಯಲ್ಲಿ ಸ್ವಲ್ಪ ಮಟ್ಟಿಗೆ ನೆರವಾಗುತ್ತವೆ; ಕೆಫೀನ್ ಇರುವ ಲೇಪನ ಮತ್ತು ತಂಪು ಬಟ್ಟೆ ರಕ್ತನಾಳಗಳನ್ನು ತಾತ್ಕಾಲಿಕವಾಗಿ ಕುಗ್ಗಿಸುತ್ತವೆ; ನೆರಳಿಗೆ ಯಾವುದೂ ನಾಟುವುದಿಲ್ಲ. ತಗ್ಗನ್ನು ತುಂಬಲು ಹಯಲುರೋನಿಕ್ ಆಮ್ಲದ ಫಿಲ್ಲರ್ ಚುಚ್ಚುವುದುಂಟು, ಆದರೆ ಅದನ್ನು ಚರ್ಮಕ್ಕೆ ತೀರಾ ಹತ್ತಿರದಲ್ಲಿ ಚುಚ್ಚಿದರೆ ಮೊದಲು ಹೇಳಿದ ಬೆಳಕಿನ ಚದುರುವಿಕೆಯಿಂದಲೇ ಹೊಸದೊಂದು ನೀಲಿ ಕಾಣಿಸುತ್ತದೆ, ಅಪರೂಪಕ್ಕೆ ಅದು ಅಪಧಮನಿಯನ್ನು ಹೊಕ್ಕು ದೃಷ್ಟಿಯನ್ನೇ ಕಸಿದುಕೊಂಡ ಪ್ರಸಂಗಗಳೂ ಇವೆ. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ವೈದ್ಯರ ಸಲಹೆಯಿಲ್ಲದೆ ಬಳಸುವ ಸ್ಟೆರಾಯ್ಡ್ ಕ್ರೀಮುಗಳ ವಿಷಯದಲ್ಲಿ. ಅವು ಮೊದಲೇ ತೆಳುವಾದ ಚರ್ಮವನ್ನು ಮತ್ತಷ್ಟು ತೆಳುವಾಗಿಸುತ್ತವೆ, ಕಣ್ಣಿನ ಹತ್ತಿರ ದೀರ್ಘಕಾಲ ಹಚ್ಚಿದರೆ ಕಣ್ಣಿನೊಳಗಿನ ಒತ್ತಡ ಏರುವುದಕ್ಕೂ ಪೊರೆ ಬರುವುದಕ್ಕೂ ದಾರಿಯಾಗಬಹುದು.

ದೃಷ್ಟಿನರಕ್ಕೆ ಹಾನಿಯಾಗುವ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಗೆ ಲ್ಯಾಟನೊಪ್ರೋಸ್ಟ್, ಬಿಮ್ಯಾಟೊಪ್ರೋಸ್ಟ್‌ನಂಥ ಹನಿಗಳನ್ನು ಹಾಕುವವರಲ್ಲಿ ಔಷಧದಿಂದಲೇ ರೆಪ್ಪೆಯ ಸುತ್ತ ಕಪ್ಪಾಗುವುದು ತಿಳಿದಿರುವ ಅಡ್ಡಪರಿಣಾಮ. ಅವರೂ ಕನ್ನಡಕದ ಮೇಲೆ ಅನುಮಾನ ಪಡುವುದುಂಟು, ಆದರೆ ಹನಿಯನ್ನು ತಾವಾಗಿ ನಿಲ್ಲಿಸಿದರೆ ದೃಷ್ಟಿಗೇ ಕುತ್ತು ಬರುವುದರಿಂದ ಬೇರೆ ಔಷಧದ ಸಾಧ್ಯತೆಯನ್ನು ಕಣ್ಣಿನ ವೈದ್ಯರ ಬಳಿಯೇ ಕೇಳಬೇಕು. ಒಂದೇ ಕಣ್ಣಿನ ಕೆಳಗೆ ಇದ್ದಕ್ಕಿದ್ದಂತೆ ಕಪ್ಪು ಅಥವಾ ಊತ ಕಂಡರೆ, ನೋವು ಅಥವಾ ದೃಷ್ಟಿಯ ಮಸುಕು ಜೊತೆಗಿದ್ದರೆ, ಬೆಳಿಗ್ಗೆ ಎದ್ದಾಗ ಎರಡೂ ರೆಪ್ಪೆಗಳು ದಿನವೂ ಊದಿಕೊಂಡು ಕಾಲುಗಳಲ್ಲೂ ಊತವಿದ್ದರೆ, ಅತಿಯಾದ ಸುಸ್ತು ಮತ್ತು ಬಿಳಿಚುವಿಕೆ ಇದ್ದರೆ ಅದು ಕನ್ನಡಕದ ಅಂಗಡಿಯಲ್ಲೋ ಕ್ರೀಮಿನ ಡಬ್ಬಿಯಲ್ಲೋ ಬಗೆಹರಿಯುವ ವಿಷಯವಲ್ಲ. ಮೂತ್ರಪಿಂಡ, ಥೈರಾಯ್ಡ್ ಮತ್ತು ರಕ್ತದ ಪರೀಕ್ಷೆಗಳಿಗಾಗಿ ವೈದ್ಯರನ್ನು ಕಾಣಬೇಕು.